ಅಮ್ಮನಿಗೋಸ್ಕರ ಗ್ರೀಸು

ಡಿಡ್ಸ್‌ಬರಿ, ಮ್ಯಾಂಚೆಸ್ಟರ್
೧೬ ಜುಲೈ ೨೦೦೬, ಭಾನುವಾರ

ಪ್ರೀತಿಯ ನೀರಜಾ,

ಹೇಗಿದ್ದೀಯಮ್ಮಾ? ಕೂಸು ಹೇಗಿದೆ? ರಾತ್ರಿ ನಿನ್ನನ್ನು ಮಲಗಗೊಡುತ್ತದೆಯೋ, ಇಲ್ಲಾ ಅದರ ಅಕ್ಕನ ಹಾಗೆ ಊರೆಲ್ಲ ಮಲಗಿದ ಮೇಲೆ ಕಣ್ಣು ಬಿಡುತ್ತದೆಯೋ? ಫೋನು ಮಾಡಿದಾಗಲೆಲ್ಲ ನೀನು 'ಎಲ್ಲಾ ಆರಾಮಮ್ಮಾ' ಅಂದು ಮುಗಿಸಿಬಿಡುತ್ತೀಯ. ಪಕ್ಕದಲ್ಲಿ ನಿಮ್ಮತ್ತೆ ನಿಂತಿರುತ್ತಾರೆ ಎಂದು ನನಗೆ ತಿಳಿಯುವುದಿಲ್ಲವೇ? ಅದಕ್ಕೇ ಬರೆಯುತ್ತಿದ್ದೇನೆ. ತಲೆಗೆ ಬಟ್ಟೆ ಕಟ್ಟಿಕೊಂಡೇ ಇರು, ಫ್ಯಾನಿನ ಕೆಳಗೆ ಕೂರಬೇಡ. ಅಂಟಿನುಂಡೆ ಕೊಟ್ಟರೆ ಮುಖ ಕಿವುಚದೆ ತಿನ್ನು, ಸೊಂಟ ಗಟ್ಟಿಯಾಗುವುದು ಈಗಲೇ. ಇವೆಲ್ಲ ಬಾಣಂತಿಯ ಮಂಚದ ಪಕ್ಕ ಕೂತು ಹೇಳಬೇಕಾದ ಮಾತುಗಳು, ಕಾಗದದಲ್ಲಿ ಬರೆಯುವಂಥವಲ್ಲ. ಆದರೂ ಬರೆಯುತ್ತಿದ್ದೇನೆ, ಏನು ಮಾಡಲಿ.

ಇಲ್ಲಿ ನನ್ನ ಆರೋಗ್ಯ ಚೆನ್ನಾಗಿದೆ. ಮಂಡಿನೋವು ಅಷ್ಟಿಲ್ಲ. ಇಂಗ್ಲೆಂಡು ಎಂದರೆ ಚಳಿ ಎಂದು ನೀನು ಕಟ್ಟಿಕೊಟ್ಟ ಎರಡು ಸ್ವೆಟರೂ ಪೆಟ್ಟಿಗೆಯಲ್ಲೇ ಇವೆ. ಈ ತಿಂಗಳು ನಮ್ಮ ಚಿತ್ರದುರ್ಗಕ್ಕೆ ಸರಿಜೋಡಿ ಸೆಖೆ. ಇಲ್ಲಿನ ಮನೆಗಳಿಗೆ ಫ್ಯಾನೇ ಇಲ್ಲ, ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ. ಸುಮುಖ್, ತನ್ವಿ ಇಬ್ಬರಿಗೂ ಸ್ಕೂಲು ಮುಗಿಯುವ ಸಂಭ್ರಮ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವು ಇಂಗ್ಲಿಷಿನಲ್ಲಿ ಹೇಳುತ್ತವೆ, ನಮ್ಮ ಸಂಸಾರ ಹಾಗೇ ಸಾಗಿದೆ. ನಿನ್ನ ಅಣ್ಣ ಗುರುಕಿರಣನಿಗೆ ಆಸ್ಪತ್ರೆಯ ರೋಟಾ, ಅದೇ ಡ್ಯೂಟಿ ಪಟ್ಟಿ, ಬಿಟ್ಟರೆ ಬೇರೆ ಪಂಚಾಂಗವಿಲ್ಲ. ಆಶ್ರಿತಾಳಿಗೆ ಜಿಪಿ ಸರ್ಜರಿಯ (ಇಲ್ಲಿ ಓಣಿಯ ದವಾಖಾನೆಗೆ ಹಾಗೆನ್ನುತ್ತಾರೆ) ಕೆಲಸ ವಾರಕ್ಕೆ ಮೂರು ದಿನ, ಉಳಿದ ದಿನ ಮಕ್ಕಳನ್ನು ಈಜಿಗೆ, ಪಿಯಾನೋಗೆ ಸಾಗಿಸುವುದು. ಅವಳನ್ನು ನಾನು ದೂರುವುದಿಲ್ಲ, ದುಡಿಯುವ ಹೆಣ್ಣು. ಆದರೆ ಈಗ ಹೇಳುವ ಸಂಗತಿಯಲ್ಲಿ ಯಾರನ್ನು ದೂರಬೇಕೋ ನನಗೇ ತಿಳಿಯದೆ ಒಂದು ವಾರದಿಂದ ಒಳಗೇ ಕುದಿಯುತ್ತಿದ್ದೇನೆ. ನಿನ್ನ ಹತ್ತಿರ ಹೇಳದೆ ಇನ್ನಾರ ಹತ್ತಿರ ಹೇಳಲಿ?

ಗ್ರೀಸಿಗೆ ಹೋಗುವ ಮಾತು ಎತ್ತಿದವನು ನಿನ್ನ ಅಣ್ಣನೇ. ಮೇ ತಿಂಗಳಲ್ಲಿ ಒಂದು ದಿನ ಊಟಕ್ಕೆ ಕೂತಾಗ, 'ಅಮ್ಮಾ, ಮೂವತ್ತು ವರ್ಷ ಬೋರ್ಡಿನ ಮೇಲೆ ಅಥೆನ್ಸ್, ಸ್ಪಾರ್ಟಾ ಅಂತ ಬರ್ದಿದ್ದೀಯ, ಈ ಸಲ ಕಣ್ಣಾರೆ ನೋಡ್ಬಿಡು' ಅಂದ. ಗರ್ಲ್ಸ್ ಹೈಸ್ಕೂಲಿನಲ್ಲಿ ಅದೇ ಪಾಠವನ್ನು ಎಷ್ಟು ಸಲ ಮಾಡಿದೆನೋ. ಮೈಸೀನಿಯ ಸಿಂಹದ್ವಾರದ ಚಿತ್ರ ಪುಸ್ತಕದಲ್ಲಿ ಮಸಿ ಹಿಡಿದಂತಿರುತ್ತಿತ್ತು, ಸಿಂಹವೋ ಕುರಿಯೋ ತಿಳಿಯುತ್ತಿರಲಿಲ್ಲ. ಹುಡುಗಿಯರು ನಗುತ್ತಿದ್ದರು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಗೋಡೆ, ನಮ್ಮ ದುರ್ಗದ ಕೋಟೆ ಹಾಗೇ ಎಂದು ಅವರಿಗೆ ಹೇಳುತ್ತಿದ್ದೆ. ಆ ಕಲ್ಲನ್ನು ಒಂದು ಸಲ ಕೈಯಿಂದ ಮುಟ್ಟಬೇಕು ಎಂಬುದು ನನ್ನ ಆಸೆ. ನಿಮ್ಮಪ್ಪನಿಗೆ ಹೇಳಿದಾಗ 'ಮೊದ್ಲು ತಿರುಪತಿಗೆ ಹೋಗಿ ಬರೋಣ' ಎನ್ನುತ್ತಿದ್ದರು. ಪಾಪ, ಅವರು ತಿರುಪತಿಗೂ ಹೋಗಲಿಲ್ಲ.

ಆಮೇಲೆ ಪ್ರತಿ ಭಾನುವಾರ ಈ ಮನೆಯಲ್ಲಿ ಅದೇ ಮಾತು. ನಾನು ಡಿಡ್ಸ್‌ಬರಿ ಲೈಬ್ರರಿಯಿಂದ ಪುಸ್ತಕ ತಂದೆ, ಸುಮುಖನ ಅಟ್ಲಾಸು ಬಿಡಿಸಿದೆ. ಅವನಿಗೂ ಸ್ಕೂಲಿನಲ್ಲಿ ಈ ವರ್ಷ ಗ್ರೀಸಿನ ಪಾಠವೇ, ಬೀದಿಯಲ್ಲಿ ಸಿಕ್ಕವರಿಗೆಲ್ಲ 'ಅಜ್ಜಿ ಈಸ್ ಅವರ್ ಗೈಡ್' ಎಂದು ಸಾರಿದ. ಆಶ್ರಿತಾಳಿಗೆ ಸಮುದ್ರ ಬೇಕು, ನನಗೆ ಕಲ್ಲು ಬೇಕು. 'ಅತ್ತೆ, ಮಕ್ಳು ಬಿಸಿಲಲ್ಲಿ ಅಷ್ಟೊಂದು ರೂಯಿನ್ಸ್ ಸುತ್ತಲ್ಲ, ಅವಕ್ಕೆ ಬೀಚ್ ಬೇಕು' ಎನ್ನುವಳು. 'ಒಂದು ಬೀಚಿಗೆ ಒಂದು ಕೋಟೆ, ಲೆಕ್ಕ ಸರಿಹೋಯ್ತಲ್ಲಮ್ಮಾ' ಎನ್ನುವೆ ನಾನು. ಸಂತೆಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡಿದ ಹಾಗೆ ನಗುನಗುತ್ತಾ ಚೌಕಾಸಿ ಮಾಡಿದೆವು. ಕೊನೆಗೆ ಅಥೆನ್ಸಿನಲ್ಲಿ ಎರಡು ದಿನ, ಅಲ್ಲಿಂದ ಕಾರು ಬಾಡಿಗೆಗೆ ಹಿಡಿದು ಟೋಲೋ ಎಂಬ ಸಮುದ್ರದಂಡೆಯ ಊರು, ವಾರದ ಉಳಿದ ದಿನ ಅಲ್ಲೇ ಬಿಡಾರ ಎಂದಾಯಿತು, ಐದು ಟಿಕೆಟ್ಟೂ ಕೊಂಡಾಯಿತು. ಮೈಸೀನಿ ಅಲ್ಲಿಗೆ ಹತ್ತಿರ. ಎಪಿಡಾರಸ್ಸಿನ ಬಯಲು ರಂಗಮಂದಿರವೂ ದೂರವಿಲ್ಲ, ಅಲ್ಲಿ ಕೆಳಗೆ ನಿಂತು ಪಿಸುಗುಟ್ಟಿದರೂ ಮೇಲಿನ ಮೆಟ್ಟಿಲಿಗೆ ಕೇಳುತ್ತದಂತೆ. ಬೆಳಗ್ಗೆ ಬಿಸಿಲೇರುವ ಮೊದಲು ಕಲ್ಲು, ಊಟವಾದ ಮೇಲೆ ನೀರು. ಇಷ್ಟು ಒಪ್ಪವಾಗಿ ಈ ಮನೆಯಲ್ಲಿ ಇನ್ನಾವ ವಿಷಯವೂ ತೀರ್ಮಾನವಾದದ್ದು ನಾನು ಕಾಣೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದರು ಅನ್ನುತ್ತಾರಲ್ಲ, ನಾವು ಐದೂ ಜನ ಸೂಜಿ ದಾರ ಹಿಡಿದು ಕೂತಿದ್ದೆವು.

ಈ ಪ್ರವಾಸ ಸ್ಕೂಲಿನ ರಜೆಯಲ್ಲೇ ಆಗಬೇಕು, ರಜೆ ಬರುವುದು ಜುಲೈ ಕೊನೆಗೆ. ನಾನು ಊರಿಗೆ ಹೊರಡಬೇಕಿದ್ದದ್ದು ಜೂನಿನಲ್ಲಿ, ನಿನ್ನ ಬಾಣಂತನಕ್ಕೆ. ಅದಕ್ಕೇ ನಿನಗೆ ಫೋನು ಮಾಡಿ ಕೇಳಿದೆ. ನೀನು ಒಂದು ಗಳಿಗೆ ಸುಮ್ಮನಿದ್ದೆ, ಆಮೇಲೆ 'ಹೋಗಮ್ಮಾ, ಇಲ್ಲಿ ನಮ್ಮತ್ತೆ ಇದ್ದಾರೆ, ನಿನಗೆ ಇಂಥ ಅವಕಾಶ ಮತ್ತೆ ಬರಲ್ಲ' ಅಂದೆ. ಆ ಒಂದು ಗಳಿಗೆಯ ಮೌನ ನನಗೆ ಕೇಳಿಸಿತ್ತು ಮಗಳೇ. ಕೇಳಿಸಿಯೂ ಊರಿಗೆ ಮರಳುವ ಟಿಕೆಟ್ಟನ್ನು ಆಗಸ್ಟ್ ಕೊನೆಗೆ ಹಾಕಿಸಿದೆ. ನಿಮ್ಮತ್ತೆ ತೊಟ್ಟಿಲ ದಿನ ಬಂದವರ ಮುಂದೆ 'ತವರಮನಿ ಇದ್ದೂ ಇಲ್ಧಂಗಾತು' ಎಂದರಂತೆ. ನೀನು ಹೇಳಲಿಲ್ಲ, ಬೇರೆ ಕಡೆಯಿಂದ ಕಿವಿಗೆ ಬಿತ್ತು. ಅವರಂದದ್ದು ತಪ್ಪಲ್ಲ. ಹೆತ್ತ ಮಗಳ ಬಾಣಂತನ ಬಿಟ್ಟು ಬೀಗಿತ್ತಿ ದೇಶ ತಿರುಗುತ್ತಾಳೆ ಎಂದರೆ ಯಾರಾದರೂ ಅನ್ನುವ ಮಾತೇ.

ಈಗ ಕೇಳು. ಹೋದ ಭಾನುವಾರ ಆಶ್ರಿತಾ ಟ್ರಾವೆಲ್ ಇನ್ಶೂರೆನ್ಸಿಗೆ ನಂಬರು ಬೇಕೆಂದು ಎಲ್ಲರ ಪಾಸ್‌ಪೋರ್ಟು ತಂದು ಡೈನಿಂಗ್ ಟೇಬಲ್ಲಿನ ಮೇಲೆ ಹಾಕಿದಳು. ತನ್ವಿ ಅವನ್ನು ಇಸ್ಪೀಟಿನೆಲೆಯ ಹಾಗೆ ಸಾಲಾಗಿ ಜೋಡಿಸುತ್ತಾ, 'ಅಜ್ಜೀಸ್ ಈಸ್ ಬ್ಲೂ' ಅಂದಳು. ನಾಲ್ಕು ಕೆಂಪು, ಒಂದು ನೀಲಿ. ಗುರು ಪೇಪರು ಓದುತ್ತಿದ್ದವನು ತಲೆ ಎತ್ತಿದ, ಆಶ್ರಿತಾ ಅವನ ಮುಖ ನೋಡಿದಳು. ಬ್ರಿಟಿಷ್ ಕೆಂಪಿನವರಿಗೆ ಗ್ರೀಸೆಂದರೆ ಪಕ್ಕದ ಓಣಿ, ವೀಸಾ ಬೇಡ. ನಮ್ಮ ಇಂಡಿಯಾದ ನೀಲಿಗೆ ವೀಸಾ ಬೇಕು. ಅದು ಅಷ್ಟು ದಿನದಲ್ಲಿ ಒಬ್ಬರಿಗಾದರೂ ಹೊಳೆದಿರಲಿಲ್ಲ. ನನಗೆ ಹೇಗೆ ಹೊಳೆಯಬೇಕು? ಇಂಗ್ಲೆಂಡಿಗೆ ಬಂದವಳಿಗೆ ಪಕ್ಕದ ದೇಶಕ್ಕೆ ಮತ್ತೊಂದು ಚೀಟಿ ಬೇಕೆಂದು ನಾನು ಕನಸು ಕಂಡಿದ್ದೆನೇ? ಸೋಮವಾರ ಗುರು ಲಂಡನ್ನಿನ ಕಾನ್ಸುಲೇಟಿಗೆ ಫೋನು ಮಾಡಿದ. ಇಲ್ಲಿ ವಾಸವಿರುವವರಾದರೆ ಇಲ್ಲೇ ಅರ್ಜಿ ಹಾಕಬಹುದು, ನೆಂಟರಾಗಿ ಬಂದವರು ತಮ್ಮ ದೇಶಕ್ಕೇ ಹೋಗಿ ಹಾಕಬೇಕು ಎಂದರಂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

'ನೆನಪೇ ಆಗ್ಲಿಲ್ಲಮ್ಮಾ' ಅಂದ ನಿನ್ನ ಅಣ್ಣ. ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನನ್ನು ಇರಿದದ್ದು ಆ ಮಾತೇ. ಈ ದೇಶಕ್ಕೆ ಬಂದ ಹೊಸದರಲ್ಲಿ ಯಾವುದೋ ಕಾನ್ಫರೆನ್ಸಿಗೆಂದು ಪ್ಯಾರಿಸ್ಸಿಗೆ ಹೋಗಲು ಕತ್ತಲಲ್ಲೇ ಎದ್ದು ವೀಸಾಕ್ಕೆ ಸಾಲು ನಿಂತೆ, ಹಿಂದಿರುವವನಿಗೆ ಜಾಗ ನೋಡಿಕೋ ಎಂದು ಹೇಳಿ ಚಹಾ ಕುಡಿದು ಬಂದೆ ಎಂದು ನನಗೆ ಉದ್ದುದ್ದ ಕಾಗದ ಬರೆದವನು ಇವನೇ. 'ನಮ್ಮ ಪಾಸ್‌ಪೋರ್ಟು ನೋಡಿದ್ರೆ ಕಳ್ಳರನ್ನ ನೋಡಿದ ಹಾಗೆ ನೋಡ್ತಾರಮ್ಮಾ' ಎಂದು ಬರೆದಿದ್ದ. ಕೆಂಪು ಪಾಸ್‌ಪೋರ್ಟು ಕೈಗೆ ಬಂದು ನಾಲ್ಕು ವರ್ಷವಾಗಿಲ್ಲ, ಅಷ್ಟೂ ಮರೆತ. ಸಾಲು ಮರೆಯಲಿ, ಚಳಿ ಮರೆಯಲಿ. ತಾಯಿ ಇನ್ನೂ ಆ ಸಾಲಿನಲ್ಲೇ ಇದ್ದಾಳೆ ಎಂಬುದನ್ನು ಮರೆಯಬಹುದೇ?

ಅದನ್ನೂ ನುಂಗಿಕೊಳ್ಳುತ್ತಿದ್ದೆ ನೀರಜಾ. ಆ ಸಂಜೆ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಾ ಒಂದೇ ಒಂದು ಮಾತಿಗೆ ಕಾದೆ. ಬಾಯಿಮಾತಿಗಾದರೂ, ಉಪಚಾರಕ್ಕಾದರೂ, 'ನೀನಿಲ್ದೆ ನಾವು ಯಾಕಮ್ಮಾ ಹೋಗೋದು, ಬಿಟ್ಬಿಡೋಣ' ಎಂದು ಒಬ್ಬರು ಅನ್ನಲಿ ಎಂದು. ಅಂದಿದ್ದರೆ ನಾನು ಒಪ್ಪುತ್ತಿದ್ದೆನೇ? 'ಹುಚ್ಚಪ್ಪಗಳಿರಾ, ಮಕ್ಕಳ ಮುಖ ನೋಡಿ, ಹೋಗಿ ಬನ್ನಿ' ಎಂದು ನಾನೇ ದಬ್ಬಿ ಕಳಿಸುತ್ತಿದ್ದೆ. ನಮ್ಮಲ್ಲಿ ಊಟ ಮುಗಿಸಿ ಏಳುವವರಿಗೆ ಇನ್ನೊಂದು ಸಲ ಬಡಿಸಿಕೊಳ್ಳಿ ಎನ್ನುವುದಿಲ್ಲವೇ, ಅವರು ಬೇಡ ಎನ್ನುವುದಿಲ್ಲವೇ? ಅಷ್ಟೇ. ಬೇಡ ಎನ್ನುವ ಆ ಮರ್ಯಾದೆಯನ್ನೂ ನನಗೆ ಬಿಡಲಿಲ್ಲ. ಆಶ್ರಿತಾ ಬಂದು 'ಅತ್ತೆ, ಟಿಕೆಟ್ಸ್ ರಿಫಂಡ್ ಆಗಲ್ಲ, ಆದ್ರೆ ಹೆಸರು ಬದಲಾಯಿಸಬಹುದಂತೆ' ಅಂದಳು. ಅವಳ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಹಾಗೆ ನನ್ನ ಸೀಟು ಆಶ್ರಿತಾಳ ತಾಯಿ ಸೀತಾಲಕ್ಷ್ಮಿಯವರ ಪಾಲಾಯಿತು. ಅವರು ಲೆಸ್ಟರಿನಲ್ಲಿ ಎಪ್ಪತ್ತರ ದಶಕದಿಂದ ಇರುವವರು, ಅವರದೂ ಕೆಂಪು. ಮರುದಿನವೇ ಫೋನು ಬಂತು. 'ಭಾಗೀರಥಿಯವ್ರೇ, ನನಗೇನೂ ಆ ಒಡಕು ಕಲ್ಲುಗಳ ಮೇಲೆ ಆಸೆ ಇಲ್ಲಪ್ಪಾ, ಮಕ್ಳಿಗೋಸ್ಕರ ಹೊರಟಿದ್ದೀನಿ. ಎಲ್ಲಿ ಏನು ನೋಡ್ಬೇಕು ಅಂತ ನೀವು ಓದಿ ಇಟ್ಟಿದ್ದೀರಂತಲ್ಲ, ಸ್ವಲ್ಪ ಹೇಳ್ಕೊಡಿ' ಅಂದರು. ಹೇಳಿಕೊಟ್ಟೆ. ಮೇಷ್ಟ್ರ ಜನ್ಮ, ಕೇಳಿದವರಿಗೆ ಇಲ್ಲವೆನ್ನಲು ಬರುವುದಿಲ್ಲ. ನಾನು ಸಿಂಹದ್ವಾರ ಎನ್ನುತ್ತಿದ್ದರೆ ಅವರು ನಡುವೆ ಅಲ್ಲಿ ಒಳ್ಳೆ ಟಾಯ್ಲೆಟ್ ಇದೆಯೇ ಎಂದು ಕೇಳಿದರು.

ಇಷ್ಟಕ್ಕೇ ಮುಗಿಯಲಿಲ್ಲ. ಸೀತಾಲಕ್ಷ್ಮಿಯವರು ಹೊರಟರೆ ಅವರ ಯಜಮಾನರು ಡಾಕ್ಟರ್ ರಾಮಮೂರ್ತಿಗಳ ಗತಿಯೇನು? ಬೈಪಾಸ್ ಆದ ಜೀವ, ಒಬ್ಬರನ್ನೇ ಬಿಡುವ ಹಾಗಿಲ್ಲ. ಊರಿನವರ ಎದೆಯನ್ನೆಲ್ಲ ಬಡಿದು ನೋಡಿದ ಮನುಷ್ಯನಿಗೆ ಒಂದು ಲೋಟ ಕಾಫಿ ಕಾಯಿಸಿಕೊಳ್ಳಲು ಬಾರದು. ಗುರುವಾರ ಗುರು ನನ್ನ ಪಕ್ಕ ಬಂದು ಕೂತು, 'ಅಮ್ಮಾ, ಆ ವಾರ ನೀನು ಲೆಸ್ಟರ್‌ನಲ್ಲಿ ಇರ್ತೀಯಾ? ಅಲ್ಲಿ ದೇವಸ್ಥಾನ ಇದೆ, ನಮ್ಮ ಅಂಗಡಿಗಳಿವೆ, ನಿನಗೂ ಬೇಜಾರಾಗಲ್ಲ' ಅಂದ. ನೋಡು ಹೇಗಿದೆ! ಗಂಡಿನ ತಾಯಿ, ಗಂಡನಿಲ್ಲದವಳು, ಬೀಗರ ಮನೆಗೆ ಹೋಗಿ ಬೀಗರೊಬ್ಬರೇ ಇರುವಾಗ ಅವರಿಗೆ ಅನ್ನ ಬೇಯಿಸಿ ಹಾಕಿಕೊಂಡಿರಬೇಕು. ಬೀಗಿತ್ತಿ ನನ್ನ ಸೀಟಿನಲ್ಲಿ ಕೂತು ಸಮುದ್ರ ನೋಡಬೇಕು. ದುರ್ಗದಲ್ಲಿ ಈ ಮಾತು ಆಡಿದರೆ ಜನ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ಇವನಿಗೆ ಅದರಲ್ಲಿ ಏನೂ ಕಾಣಿಸಲಿಲ್ಲ. ರೋಟಾದಲ್ಲಿ ಒಬ್ಬರ ಬದಲು ಇನ್ನೊಬ್ಬರನ್ನು ಹಾಕಿದ ಹಾಗೆ ಹಾಕಿದ. ನಾನು 'ನೋಡೋಣಪ್ಪಾ' ಅಂದೆ.

ಈಗ ನಾನು ಮಾಡುತ್ತಿರುವುದೇನು ಗೊತ್ತೇ? ಅವರ ಪ್ರವಾಸಕ್ಕೆ ಚಟ್ನಿಪುಡಿ ಹುರಿಯುತ್ತಿದ್ದೇನೆ, ಗೊಜ್ಜವಲಕ್ಕಿಗೆ ಪುಡಿ ಮಾಡಿಡುತ್ತಿದ್ದೇನೆ. ಒಗ್ಗರಣೆಯ ಘಾಟಿಗೆ ಮನೆಯ ಹೊಗೆ ಅಲಾರಂ ಎರಡು ಸಲ ಹೊಡೆದುಕೊಂಡಿತು. ಸುಮುಖ್ ಮಾತ್ರ ನಿನ್ನೆ ಬಂದು, ಅಜ್ಜಿ ಇಲ್ಲದೆ ಯಾರು ಕತೆ ಹೇಳುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದ. 'ನಿಮ್ಮಪ್ಪ ಮುಂದಿನ ವರ್ಷ ನನ್ನನ್ನ ಕರ್ಕೊಂಡು ಹೋಗ್ತಾನಂತೆ ಕಣೋ' ಎಂದೆ. 'ಮುಂದಿನ ವರ್ಷ ಖಂಡಿತಾ ಅಮ್ಮಾ' ಎಂದು ಗುರು ದಿನಕ್ಕೆರಡು ಸಲ ಹೇಳುತ್ತಾನೆ. ಮುಂದಿನ ವರ್ಷ ನನ್ನ ಮಂಡಿ ಎಲ್ಲಿರುತ್ತದೋ, ನಾನೆಲ್ಲಿರುತ್ತೇನೋ. ನನಗೆ ಸಿಟ್ಟು ಬಂದಿದೆ ನೀರಜಾ, ಹೇಳಿಯೇಬಿಡುತ್ತೇನೆ, ಹೆತ್ತ ಮಗನ ಮೇಲೆ ಇಷ್ಟು ಸಿಟ್ಟು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಒಂದು ಕಡೆ ಗ್ರೀಸು ಹೋಯಿತು, ಇನ್ನೊಂದು ಕಡೆ ನಿನ್ನ ಬಾಣಂತನ ಹೋಯಿತು. ಗ್ರೀಸು ಹೋದದ್ದಕ್ಕೆ ಇವರ ಮರೆವು ಕಾರಣ. ನಿನ್ನ ಬಾಣಂತನಕ್ಕೆ ನನ್ನ ಆಸೆಯೇ ಕಾರಣ. ಎರಡನೆಯದೇ ಹೆಚ್ಚು ಸುಡುತ್ತದೆ.

ಅಳಿಯಂದಿರು ಇಂದುಶೇಖರರಿಗೆ ನನ್ನ ಆಶೀರ್ವಾದ. ದೊಡ್ಡವಳಿಗೆ ಎರಡು ಮುತ್ತು, ತಮ್ಮ ಬಂದನೆಂದು ಅವಳನ್ನು ಮೂಲೆಗೆ ಹಾಕಬೇಡಿ. ನಿಮ್ಮತ್ತೆಯವರಿಗೆ ನನ್ನ ನಮಸ್ಕಾರ ಹೇಳು, ನಿಜವಾಗಿ ಹೇಳು. ನಾನು ಮಾಡಬೇಕಿದ್ದ ಕೆಲಸ ಅವರು ಮಾಡುತ್ತಿದ್ದಾರೆ. ನೀನೂ ಕೂಸೂ ಗುಂಡಗಿರಿ, ದೃಷ್ಟಿ ತೆಗೆಸಿಕೋ.

ಇಂತು ನಿನ್ನ
ಅಮ್ಮ ಭಾಗೀರಥಿ

ವಿ. ಸೂ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಬಿಡಿಸಿ ಓದಿಕೋ. ಶುಕ್ರವಾರ ಎಲ್ಲರೂ ಹೊರಗೆ ಹೋದಾಗ ವಿಮಾನದವರಿಗೆ ನಾನೇ ಫೋನು ಮಾಡಿ ನನ್ನ ವಾಪಸು ಟಿಕೆಟ್ಟನ್ನು ಇದೇ ಇಪ್ಪತ್ತೆಂಟಕ್ಕೆ ಹಾಕಿಸಿಕೊಂಡೆ, ಇವರು ಗ್ರೀಸಿಗೆ ಹೊರಡುವ ಹಿಂದಿನ ದಿನ. ಈಗಷ್ಟೇ ಡ್ಯೂಟಿಯಿಂದ ಬಂದ ಗುರುವಿಗೆ ಹೇಳಿದೆ. ಯಾಕಮ್ಮಾ ಎನ್ನುತ್ತಾನೆ, ಬೇಜಾರಾಯ್ತಾ ಎನ್ನುತ್ತಾನೆ, ಹೋಗಬೇಡ ಎನ್ನುತ್ತಾನೆ ಎಂದು ಅವನ ಮುಖವನ್ನೇ ನೋಡುತ್ತಾ ನಿಂತಿದ್ದೆ. ಕಾರಿನ ಕೀಲಿ ಕೈಯಲ್ಲೇ ಹಿಡಿದುಕೊಂಡು, 'ಹಾಗಾದ್ರೆ ಮಾವನವ್ರ ಹತ್ರ ಯಾರಿರ್ತಾರಮ್ಮಾ?' ಅಂದ. ಅವನ ಬಾಯಿಂದ ಬಂದ ಮೊದಲ ಮಾತು ಅದು. ಬೆಂಗಳೂರಿಂದ ರಾತ್ರಿ ರೈಲಿಗೆ ಹೊರಟು ಮೂವತ್ತನೇ ತಾರೀಕು, ಭಾನುವಾರ ಬೆಳಗ್ಗೆ ಹುಬ್ಬಳ್ಳಿಗೆ ಬರುತ್ತೇನೆ, ಅಳಿಯಂದಿರು ಸ್ಟೇಷನ್ನಿಗೆ ಬಂದರೆ ಸಾಕು. ಬಾಣಂತನದ ಉಳಿದ ದಿನ ನನಗೆ ಬಿಟ್ಟುಕೊಡಿ ಎಂದು ನಿಮ್ಮತ್ತೆಯನ್ನು ನಾನೇ ಕೇಳಿಕೊಳ್ಳುತ್ತೇನೆ. ಒಂದೇ ಒಂದು ಉಪಕಾರ ಮಾಡು. ಗ್ರೀಸು ಹೇಗಿತ್ತು ಎಂದು ಅವರು ಕೇಳುವ ಮೊದಲೇ ನೀನು ಅವರನ್ನು ಒಳಗೆ ಕರೆದು ಎಲ್ಲ ಹೇಳಿಬಿಟ್ಟಿರು. ಬಂದ ಬಾಗಿಲಲ್ಲೇ ಅದನ್ನು ಕೇಳಿದರೆ ನಾನು ಅತ್ತುಬಿಡುತ್ತೇನೆ.