ನಮ್ಮಕ್ಕನ ಹಲ್ಲನ್ನು ಹರಾಜು ಕೂಗುವ ಮುನ್ನ

ಹಣಕಾಸು ಖಾತೆಯ ಮಾನ್ಯ ಸಚಿವರೇ,

ಬರುವ ಸೋಮವಾರ ಬೆಳಿಗ್ಗೆ ನಿಮ್ಮ ತೆರಿಗೆ ಇಲಾಖೆಯವರು ನಮ್ಮಕ್ಕನ ಹಲ್ಲುಗಳನ್ನು ಹರಾಜು ಹಾಕುತ್ತಿದ್ದಾರೆ. ತಮಾಷೆಯಲ್ಲ. ಕಚೇರಿಯ ಬಾಗಿಲಿಗೆ ಅಂಟಿಸಿದ ಪಟ್ಟಿಯನ್ನು ನಾನೇ ಕಣ್ಣಾರೆ ನೋಡಿ ಬಂದೆ. ನಂಬಿಕೆ ಸಾಲದೆ ಮಾರನೆಯ ದಿನ ಮತ್ತೆ ಹೋಗಿ ನೋಡಿದೆ. ಮೇಲಿನ ಸಾಲಿನಲ್ಲಿ ಯಾರದೋ ಎರಡು ಬಾಗಿಲಿನ ಫ್ರಿಜ್ಜು, ಕೆಳಗಿನ ಸಾಲಿನಲ್ಲಿ ಇನ್ನಾರದೋ ನೀರೆತ್ತುವ ಮೋಟಾರು, ಇವೆರಡರ ನಡುವೆ ‘ಕೃತಕ ದಂತಪಂಕ್ತಿ, ಪೂರ್ಣ, ಒಂದು ಜೊತೆ, ಬಳಸಿದ್ದು’. ಒಬ್ಬ ಹೆಂಗಸಿನ ಬಾಯಿಂದ ತೆಗೆಸಿದ ಎಂಜಲು ವಸ್ತುವಿಗೆ ಚೀಟಿ ಕಟ್ಟಿ ಮಾರುವ ಮಟ್ಟಕ್ಕೆ ದೇಶದ ಬೊಕ್ಕಸ ಬಂದು ನಿಂತಿದೆಯೆಂದರೆ, ನೀವು ವರ್ಷವರ್ಷವೂ ಮೇಜು ಕುಟ್ಟಿಸಿಕೊಂಡು ಓದುವ ಆ ದಪ್ಪ ಭಾಷಣದಲ್ಲಿ ಇರುವುದಾದರೂ ಏನು ಸ್ವಾಮಿ?

ನಾನು ಹಲ್ಲು ಕಟ್ಟುವವನು. ದಂತವೈದ್ಯನಲ್ಲ. ವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ನನ್ನ ಕೋಣೆಯಲ್ಲಿ ಕೂತು ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ವಸಡು ತಿದ್ದಿ, ಹಲ್ಲು ಜೋಡಿಸಿ, ಬೇಯಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸ್ಸು ಕಳಿಸುತ್ತೇನೆ. ಶಾಲೆಯನ್ನು ಮೂರು ಸಲ ಬಿಟ್ಟು ಎರಡು ಸಲ ಮಾತ್ರ ಮರಳಿ ಸೇರಿದವನು, ಹಾಗಾಗಿ ಬರಹದಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ತಪ್ಪಿಗೂ ದಂಡ ಇದೆಯೋ ಏನೋ, ಅದು ನನಗೆ ಗೊತ್ತಿಲ್ಲ. ಕೇಳುವುದಕ್ಕೆ ಈಗ ಭಯ. ಕೇಳಿದ್ದರಿಂದಲೇ ಇಷ್ಟೆಲ್ಲ ಆದದ್ದು. ಅದನ್ನು ಮುಂದೆ ಹೇಳುತ್ತೇನೆ.

ಹೋದ ಬಜೆಟ್ಟಿನಲ್ಲಿ ತಾವು ಹಲ್ಲುಸೆಟ್ಟನ್ನು ಸೆಂಟು, ವಿಗ್ಗು, ಉಗುರುಬಣ್ಣಗಳ ಜೊತೆಗೆ ಅಲಂಕಾರದ ಸಾಮಗ್ರಿಯೆಂದು ಸೇರಿಸಿದಿರಿ. ಆರು ಹಲ್ಲಿನವರೆಗೆ ಕಟ್ಟಿಸಿದರೆ ಅದು ದುರಸ್ತಿ, ತೆರಿಗೆಯಿಲ್ಲ. ಏಳನೆಯ ಹಲ್ಲು ಬಂತೋ, ಇಡೀ ಸೆಟ್ಟು ಅಲಂಕಾರ. ನೂರಕ್ಕೆ ಮೂವತ್ತು ಕಟ್ಟಬೇಕು. ಅದೇ ಚಿನ್ನದ ಹಲ್ಲಾದರೆ ಆಭರಣದ ಉದ್ಯಮಕ್ಕೆ ಪ್ರೋತ್ಸಾಹ ಕೊಡಬೇಕಂತೆ, ಅದಕ್ಕೆ ನೂರಕ್ಕೆ ಎರಡು ಸಾಕು! ಈ ನಿಯಮವನ್ನು ಬರೆದ ಪುಣ್ಯಾತ್ಮರ ಬಾಯಲ್ಲಿ ಹಲ್ಲುಗಳು ಇದ್ದಿರಲೇಬೇಕು. ಇಲ್ಲದವರಿಗೆ ಇಂಥ ಯೋಚನೆ ಹೊಳೆಯುವುದಿಲ್ಲ. ಆರು ಹಲ್ಲು ಎಂದರೆ ಎಲ್ಲರೂ ಕಟ್ಟಿಸುವುದು ಮುಂದಿನ ಆರನ್ನೇ. ಅವು ನಗುವುದಕ್ಕೆ ಸಾಕು. ಅಗಿಯುವುದಕ್ಕೆ ದವಡೆ ಹಲ್ಲು ಬೇಕು. ಅಂದರೆ ತಮ್ಮ ಕಾನೂನಿನ ಪ್ರಕಾರ ನಗುವುದು ಅವಶ್ಯಕತೆ, ಅಗಿಯುವುದು ಶೋಕಿ.

ಈ ನಿಯಮ ಬಂದ ಮೇಲೆ ಒಬ್ಬ ನಿವೃತ್ತ ಬಸ್ ಡ್ರೈವರು ಹೆಂಡತಿಯನ್ನು ಕರೆದುಕೊಂಡು ನೇರ ನನ್ನ ಕೋಣೆಗೇ ಬಂದರು. ಇಬ್ಬರ ಬಾಯಲ್ಲೂ ಒಂದೇ ಒಂದು ಹಲ್ಲಿಲ್ಲ.

‘ಅಣ್ಣಾ, ಇಬ್ಬರಿಗೂ ಆಗೋ ಹಾಗೆ ಒಂದೇ ಸೆಟ್ಟು ಮಾಡಿಕೊಟ್ಬಿಡಿ. ತೆರಿಗೆ ಒಂದಕ್ಕೇ ಬೀಳುತ್ತೆ,’ ಎಂದರು ಯಜಮಾನರು.

‘ಅದು ಹೇಗಾಗುತ್ತೆ ಯಜಮಾನ್ರೇ? ಒಬ್ಬರ ಹಲ್ಲು ಇನ್ನೊಬ್ಬರಿಗೆ ಕೂರಲ್ಲ. ನಿಮ್ಮ ಬಾಯಿ ಅಗಲ, ಅಮ್ಮನೋರ ಬಾಯಿ ಚಿಕ್ಕದು.’

‘ಇವಳ ಬಾಯಿ ಚಿಕ್ಕದು ಅಂತ ಹೇಳಿದ ಮೊದಲನೇ ಮನುಷ್ಯ ನೀವು.’

ಆಕೆ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ‘ನಡುಮಧ್ಯದ ಅಳತೆಗೆ ಮಾಡಪ್ಪ. ನಾನು ಮೊದಲು ಉಣ್ತೀನಿ, ಆಮೇಲೆ ತೊಳೆದು ಇವರಿಗೆ ಕೊಡ್ತೀನಿ. ಇಷ್ಟು ವರ್ಷ ಇವರು ಮೊದಲು ಉಂಡಿದ್ದು ಸಾಕು,’ ಎಂದರು.

ನಾವು ಮೂವರೂ ನಕ್ಕೆವು. ಕೊನೆಗೆ ಇಬ್ಬರೂ ಆರಾರು ಹಲ್ಲು ಕಟ್ಟಿಸಿಕೊಂಡು ಹೋದರು. ಈಗ ಬೀದಿಯಲ್ಲಿ ಕಂಡರೆ ಬಹಳ ಚೆನ್ನಾಗಿ ನಗುತ್ತಾರೆ. ಮನೆಯಲ್ಲಿ ತಿನ್ನುವುದು ಹಾಲಿನಲ್ಲಿ ನೆನೆಸಿದ ಬ್ರೆಡ್ಡು.

ಯೋಚಿಸುತ್ತ ಹೋದ ಹಾಗೆ ನನಗೆ ಅನ್ನಿಸಿದ್ದು, ತಮ್ಮ ಇಡೀ ಆರ್ಥಿಕ ನೀತಿಯೇ ಈ ಮುಂದಿನ ಆರು ಹಲ್ಲು. ಹೊರಗಿನವರು ಬಂದಾಗ ತೋರಿಸುವುದಕ್ಕೆ ಗಾಜಿನ ಕಟ್ಟಡ ಉಂಟು, ಅಗಲವಾದ ರಸ್ತೆ ಉಂಟು, ಪತ್ರಿಕೆಯ ಮೊದಲ ಪುಟದಲ್ಲಿ ಮೇಲೇರುವ ಬಾಣದ ಗುರುತು ಉಂಟು. ಹಿಂದೆ ಕೈ ಹಾಕಿ ನೋಡಿದರೆ ಬರೀ ವಸಡು. ನಮ್ಮ ಬೀದಿಯ ತುದಿಯಲ್ಲಿದ್ದ ಛತ್ರಿ ರಿಪೇರಿಯವನು ಅಂಗಡಿ ಮುಚ್ಚಿ ಯಾರದೋ ಕಟ್ಟಡದ ಕಾವಲಿಗೆ ಹೋದ. ಪ್ಲಾಸ್ಟರು, ಮೇಣ, ಗ್ಯಾಸು, ಉಜ್ಜುವ ಪುಡಿ, ಯಾವುದರ ಬೆಲೆಯೂ ಎರಡು ತಿಂಗಳು ಒಂದೇ ಕಡೆ ನಿಂತದ್ದಿಲ್ಲ. ರೇಡಿಯೋದಲ್ಲಿ ತಾವು ಹೇಳಿದಿರಿ: ದೇಶದ ಆರ್ಥಿಕತೆ ಸದೃಢವಾಗಿದೆ, ಜನರು ಇನ್ನು ಸ್ವಲ್ಪ ಕಾಲ ಹಲ್ಲು ಕಚ್ಚಿಕೊಂಡು ಸಹಿಸಬೇಕು ಎಂದು. ಅಕ್ಕ ಅದನ್ನು ಕೇಳಿ ರೇಡಿಯೋದ ಕಿವಿ ಹಿಂಡಿ ಆರಿಸಿದಳು. ಯಾವ ಹಲ್ಲನ್ನು ಕಚ್ಚಿಕೊಳ್ಳುವುದು ಸ್ವಾಮಿ? ಅವು ನಿಮ್ಮ ಗೋದಾಮಿನಲ್ಲಿವೆ.

ಅಕ್ಕನ ವಿಷಯಕ್ಕೆ ಬರುತ್ತೇನೆ. ಅಮ್ಮ ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಹೊಲಿಗೆ ಕೆಲಸ. ಕತ್ತರಿ ಪಕ್ಕದಲ್ಲೇ ಇರುತ್ತದೆ, ಆದರೆ ಅದನ್ನು ಕೈಗೆತ್ತಿಕೊಳ್ಳುವಷ್ಟು ತಾಳ್ಮೆ ಅವಳಿಗಿಲ್ಲ. ದಾರವನ್ನು ಬಾಯಿಗೆ ತಂದು ಕಟಕ್ಕೆಂದು ಕಚ್ಚುತ್ತಾಳೆ. ವರ್ಷಗಟ್ಟಲೆ ಕಚ್ಚಿ ಕಚ್ಚಿ ಅವಳ ಮುಂದಿನ ಒಂದು ಹಲ್ಲಿನ ತುದಿಯಲ್ಲಿ ದಾರ ಕೂರುವಷ್ಟು ಸಣ್ಣ ಗೀರು ಬಿದ್ದಿತ್ತು. ವಯಸ್ಸಾಗಿ ಹಲ್ಲುಗಳೆಲ್ಲ ಹೋದವು. ಊರಿಗೆಲ್ಲ ಹಲ್ಲು ಕಟ್ಟುವವನ ಅಕ್ಕ ಬೋಳು ಬಾಯಿಯಲ್ಲಿ ಇರಬೇಕೇ? ಅವಳಿಗೆ ಪೂರ್ತಿ ಸೆಟ್ಟು ಕಟ್ಟಿದೆ. ಹಾಕಿಕೊಂಡು ಕನ್ನಡಿ ನೋಡಿದಳು, ಒಂದು ಸೌತೆಕಾಯಿ ತಿಂದಳು, ಹೊಲಿಗೆ ಮೆಷಿನ್ನಿನ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆಲ್ಲ ಕೂಗಿದಳು:

‘ಬಾರೋ ಇಲ್ಲಿ. ಇದು ನನ್ನ ಹಲ್ಲಲ್ಲ ಕಣೋ. ದಾರ ಜಾರ್ತಾ ಇದೆ.’

ನಾನು ಸಣ್ಣ ಅರ ತಂದು ಅದೇ ಹಲ್ಲಿನ ಅದೇ ತುದಿಯಲ್ಲಿ ಅಂಥದೇ ಗೀರು ಎಳೆದುಕೊಟ್ಟೆ. ಕಟಕ್ಕೆಂದಿತು. ‘ಹಾಂ, ಈಗ ನನ್ನ ಬಾಯಿ ನನಗೆ ಬಂತು,’ ಎಂದಳು. ಅಲಂಕಾರದ ಸಾಮಗ್ರಿಗೆ ಯಾರಾದರೂ ಬೇಕೆಂದೇ ಗೀರು ಹಾಕುತ್ತಾರೆಯೇ? ಅದು ಅವಳ ಕಸುಬಿನ ಹತಾರ.

ಅಷ್ಟಕ್ಕೆ ನಾನು ಸುಮ್ಮನಿರಬೇಕಿತ್ತು. ಆದರೆ ನನ್ನ ಸ್ವಭಾವ ಹಾಗಲ್ಲ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ಸು ಬರುವವನು ನಾನು. ಅಕ್ಕನಿಗೆ ಕಟ್ಟಿದ ಹಲ್ಲನ್ನು ನಾನು ಮಾರಿಲ್ಲ, ಹಾಗಾಗಿ ಬಿಲ್ಲು ಬರೆದಿಲ್ಲ. ಆದರೆ ಬಿಲ್ಲು ಬೇಕಿತ್ತೇನೋ ಎಂಬ ಹುಳ ತಲೆಗೆ ಹೊಕ್ಕಿತು. ಊಟ ಸೇರಲಿಲ್ಲ.

‘ಯಾರಾದ್ರೂ ಬಂದು ಕೇಳಿದ್ರೇನೋ?’ ಎಂದಳು ಅಕ್ಕ.

‘ಇಲ್ಲ. ನಾಳೆ ಕೇಳಿದ್ರೆ?’

‘ಕೇಳಿದಾಗ ನಾನು ಬಾಯಿ ಮುಚ್ಕೊಂಡಿರ್ತೀನಿ ಬಿಡು.’

‘ನೀನು? ಬಾಯಿ ಮುಚ್ಕೊಂಡು?’

‘ಹೋಗ್ಲಿ, ಹೋಗಿ ಕೇಳ್ಕೊಂಡು ಬಾ ಮಾರಾಯ. ಇಲ್ದಿದ್ರೆ ನೀನು ನನ್ನನ್ನೂ ನಿದ್ದೆ ಮಾಡೋಕೆ ಬಿಡಲ್ಲ.’

ಹೋದೆ. ನಿಮ್ಮ ಕಚೇರಿಯ ಕಿಟಕಿಯಲ್ಲಿದ್ದ ಗುಮಾಸ್ತರು ನನ್ನ ಮಾತು ಕೇಳಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ‘ತೆರಿಗೆ ಕಟ್ಬೇಕಾ ಅಂತ ಕೇಳೋಕೆ ಬಂದಿದೀರಾ? ನೀವಾಗೇ?’ ಎಂದರು. ಪಕ್ಕದ ಮೇಜಿನವರನ್ನು ಕರೆದರು. ಅವರು ಒಳಗಿನವರನ್ನು ಕರೆದರು. ಎಲ್ಲರೂ ಸೇರಿ ನನ್ನನ್ನು ಪ್ರಾಣಿ ಸಂಗ್ರಹಾಲಯಕ್ಕೆ ಹೊಸದಾಗಿ ಬಂದ ಜೀವಿಯ ಹಾಗೆ ನೋಡಿದರು. ಕೊನೆಗೆ ಒಳಗಿನವರು ಹೇಳಿದ್ದು: ಕಸುಬುದಾರನು ತನ್ನ ಮನೆಯವರಿಗೆ ಮಾಡಿಕೊಟ್ಟರೂ ಅದು ಮಾರಾಟವೇ. ವಿಳಾಸ ಬರೆಸಿಕೊಂಡು, ‘ಬರ್ತೀವಿ’ ಎಂದರು.

ಹೇಳಿದಂತೆಯೇ ಬಂದರು, ಒಬ್ಬ ಇನ್‌ಸ್ಪೆಕ್ಟರು, ಒಬ್ಬ ಜವಾನ. ಅಕ್ಕ ಮೆಷಿನ್ನಿನ ಮುಂದೆ ಕೂತು ಯಾರದೋ ಮಗುವಿನ ಶಾಲೆಯ ಅಂಗಿಗೆ ಜೇಬು ಹೊಲಿಯುತ್ತಿದ್ದಳು.

‘ಅಮ್ಮಾ, ಸ್ವಲ್ಪ ಬಾಯಿ ತೆಗೀರಿ.’

‘ನೀನು ಡಾಕ್ಟ್ರೇನಪ್ಪ?’

‘ಅಲ್ಲಮ್ಮಾ, ತೆರಿಗೆ ಇಲಾಖೆ.’

‘ಓ. ಇಷ್ಟು ದಿನ ಜೇಬಿಗೆ ಕೈ ಹಾಕ್ತಿದ್ರಿ. ಈಗ ಬಾಯಿಗೂ ಬಂದ್ರಾ?’

ಅವರು ಪೆನ್ಸಿಲಿನ ತುದಿಯಿಂದ ಎಣಿಸಿದರು. ಇಪ್ಪತ್ತೆಂಟು. ತೆರಿಗೆ, ತೆರಿಗೆಯ ಮೂರು ಪಟ್ಟು ದಂಡ, ಅದರ ಮೇಲೆ ತಡ ಮಾಡಿದ್ದಕ್ಕೆ ಬಡ್ಡಿ ಎಂದರು. ಅಷ್ಟು ದುಡ್ಡು ನನ್ನಲ್ಲಿ ಇರಲಿಲ್ಲ. ಕಂತಿನಲ್ಲಿ ಕಟ್ಟುತ್ತೇನೆ ಎಂದು ಕೈಮುಗಿದು ಬೇಡಿಕೊಂಡೆ. ‘ಕಂತು ದೊಡ್ಡ ಕಂಪನಿಗಳಿಗೆ ಮಾತ್ರ,’ ಎಂದರು ಇನ್‌ಸ್ಪೆಕ್ಟರು. ನಿಜಕ್ಕೂ ಹೀಗೇ ಹೇಳಿದರು, ನಾಚಿಕೆಯಿಂದ ನೆಲ ನೋಡುತ್ತ ಹೇಳಿದರು. ದುಡ್ಡು ಕಟ್ಟುವವರೆಗೆ ಮಾಲು ಇಲಾಖೆಯ ವಶ. ನಾನು ಹಲ್ಲು ಬೇಯಿಸುವ ಪಾತ್ರೆಗೂ ಅರಗಿನ ಮೊಹರು ಒತ್ತಿದರು, ಇನ್ನೊಂದು ಸೆಟ್ಟು ಮಾಡಬಾರದಲ್ಲ.

ಅಕ್ಕ ಎದ್ದು ಹೋಗಿ ಹಲ್ಲು ತೆಗೆದಳು, ನಲ್ಲಿಯಲ್ಲಿ ತೊಳೆದಳು, ಅಂಗಿಯ ಬಟ್ಟೆಯ ಚೂರಿನಿಂದ ಒರೆಸಿದಳು. ಇನ್‌ಸ್ಪೆಕ್ಟರು ಕೈಯಲ್ಲಿ ಮುಟ್ಟಲಿಲ್ಲ. ಪ್ಲಾಸ್ಟಿಕ್ ಚೀಲದ ಬಾಯಿ ಅಗಲಿಸಿ ಹಿಡಿದು ಮುಖ ಆಚೆ ತಿರುಗಿಸಿದರು.

‘ಅಸಹ್ಯ ಪಟ್ಕೋಬೇಡಪ್ಪ,’ ಎಂದಳು ಅಕ್ಕ, ಒಳಗೆ ಕುಸಿದ ತುಟಿಗಳಲ್ಲಿ. ‘ನಮ್ಮ ಎಂಜಲಲ್ಲೇ ಅಲ್ವಾ ನಿಮ್ಮ ಸಾಹೇಬ್ರು ಉಣ್ಣೋದು.’

ಅವರು ಕೊಟ್ಟ ರಸೀದಿಯಲ್ಲಿ ಷರಾ ಇದೆ: ‘ಮುಂದಿನ ಒಂದು ಹಲ್ಲಿನಲ್ಲಿ ಗೀರು, ದೋಷಯುಕ್ತ ಮಾಲು’.

ಅಂದಿನಿಂದ ಅಕ್ಕ ಯಾರೆದುರಿಗೂ ಉಣ್ಣುವುದಿಲ್ಲ. ನನ್ನೆದುರಿಗೂ ಇಲ್ಲ. ಬಟ್ಟೆ ಕೊಡಲು ಬಂದವರ ಜೊತೆ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಾಳೆ. ಮೊದಲು ಅವಳ ಮಾತು ಕೇಳುವುದಕ್ಕೇ ಅರ್ಧ ಜನ ಬರುತ್ತಿದ್ದರು. ಇನ್ನೊಂದು ಮಾತು, ಇದನ್ನು ಹೇಳುವುದಕ್ಕೇ ನಾನು ಇಷ್ಟು ಬರೆದದ್ದು. ಹಲ್ಲಿಲ್ಲದ ವಸಡು ಸುಮ್ಮನೆ ಕೂರುವುದಿಲ್ಲ, ಕರಗುತ್ತ ಹೋಗುತ್ತದೆ, ಅಕ್ಕನಂತೆ ಸೊರಗುತ್ತಿರುವ ಬಾಯಲ್ಲಂತೂ ಇನ್ನೂ ಬೇಗ. ತಿಂಗಳುಗಟ್ಟಲೆ ತಡವಾದರೆ ಆ ಸೆಟ್ಟು ಅವಳಿಗೇ ಕೂರುವುದಿಲ್ಲ. ಅಷ್ಟು ಹೊತ್ತಿಗೆ ತಮ್ಮ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿರುತ್ತದೆಯೋ ಇಲ್ಲವೋ.

ಹರಾಜಿನಲ್ಲಿ ಅದನ್ನು ಕೊಳ್ಳುವವರಾದರೂ ಯಾರು? ಭೂಮಿಯ ಮೇಲೆ ಇನ್ನೊಬ್ಬರ ಬಾಯಿಗೆ ಅದು ಹೊಂದುವುದಿಲ್ಲ. ಒಂದು ಪೈಸೆ ಹುಟ್ಟದ ವಸ್ತುವನ್ನು ಕಾಯಲು ಗೋದಾಮು, ಗೋದಾಮಿಗೆ ಕಾವಲುಗಾರ, ಕಾವಲುಗಾರನಿಗೆ ಫ್ಯಾನು, ಹರಾಜಿಗೆ ಒಂದು ಸುತ್ತಿಗೆ. ಇದನ್ನು ಆರ್ಥಿಕ ನಿರ್ವಹಣೆ ಎನ್ನುತ್ತೀರಾ? ನಮ್ಮ ಪಕ್ಕದ ಬೀದಿಯ ಸಿಮೆಂಟು ಕಂಪನಿಯ ಬಾಕಿಯನ್ನು ಇದೇ ವರ್ಷ ಒಂದೇ ಸಹಿಯಲ್ಲಿ ಮನ್ನಾ ಮಾಡಿದಿರಿ, ಉದ್ಯಮಕ್ಕೆ ಉಸಿರಾಡಲು ಜಾಗ ಬೇಕೆಂದಿರಿ. ಆ ಮಾಲೀಕರಿಗೆ ಯಾರಾದರೂ ಹೋಗಿ ‘ಸ್ವಲ್ಪ ಬಾಯಿ ತೆಗೀರಿ’ ಎಂದರೇ? ಅವರ ಬಾಯಲ್ಲಿ ಚಿನ್ನದ ಹಲ್ಲು ಎಷ್ಟಿವೆಯೋ ನನಗೆ ಗೊತ್ತು. ನಾನೇ ಕಟ್ಟಿಕೊಟ್ಟಿದ್ದೇನೆ. ನೂರಕ್ಕೆ ಎರಡು ಕಟ್ಟಿ, ಅದನ್ನೂ ಚೌಕಾಸಿ ಮಾಡಿದವರು. ನನಗೆ ಸಿಟ್ಟು ಬರುತ್ತಿಲ್ಲ ಮಾನ್ಯರೇ, ವಾಕರಿಕೆ ಬರುತ್ತಿದೆ. ಸಿಟ್ಟಾದರೆ ಇಳಿಯುತ್ತದೆ.

ಆದ್ದರಿಂದ ಸೋಮವಾರದ ಪಟ್ಟಿಯಿಂದ ಆ ಸಾಲನ್ನು ಹೊಡೆದುಹಾಕಿ. ಹಲ್ಲನ್ನು ಅಕ್ಕನ ಕೈಗೆ ಕೊಡಿಸಿ, ತೊಳೆಸಿ ಕೊಡಿಸಿ. ನನ್ನ ಪಾತ್ರೆಯ ಮೊಹರು ಒಡೆಸಿ. ಅಗಿಯುವುದನ್ನು ಅಲಂಕಾರ ಎಂದು ಬರೆದ ಆ ನಿಯಮವನ್ನು, ಬರೆದವರ ಕೈಯಿಂದಲೇ ತೆಗೆಸಿ. ನನ್ನ ಪಾಲಿನ ತೆರಿಗೆಯನ್ನು ನಾನು ಕಂತಿನಲ್ಲಿ ಕಟ್ಟುತ್ತೇನೆ. ಇದುವರೆಗೂ ತಪ್ಪಿಸಿದವನಲ್ಲ, ತಪ್ಪಿಸುವಷ್ಟು ಗುಂಡಿಗೆ ನನಗಿಲ್ಲ.

ಇಲ್ಲವಾದರೆ ಸೋಮವಾರ ನಾವಿಬ್ಬರೂ ಬರುತ್ತೇವೆ. ಬೇಡ, ಇನ್ನೇನಾದರೂ ಆದೀತು ಎಂದು ನಾನು ಎಷ್ಟು ಹೇಳಿದರೂ ಅಕ್ಕ ಕೇಳುತ್ತಿಲ್ಲ. ಬಿಳಿ ದಾರದ ಒಂದು ಉಂಡೆಯನ್ನು ಈಗಾಗಲೇ ಚೀಲಕ್ಕೆ ಹಾಕಿಟ್ಟುಕೊಂಡಿದ್ದಾಳೆ. ನಿನ್ನೆ, ಬಹಳ ದಿನಗಳ ಮೇಲೆ ಬಾಯಿಯಿಂದ ಕೈ ತೆಗೆದು ಹೇಳಿದಳು:

‘ಯಾರು ಬೇಕಾದ್ರೂ ಕೂಗ್ಲಿ ಕಣೋ. ಆ ಸಚಿವರೇ ಬಂದು ಕೂಗ್ಲಿ. ಅಲ್ಲೇ ಎಲ್ಲರೆದುರಿಗೆ ಹಾಕ್ಕೊಂಡು ಈ ದಾರ ಕಚ್ಚಿ ತೋರಿಸ್ಲಿ. ತುಂಡಾದ್ರೆ ಅವರದು. ತುಂಡಾಗ್ಲಿಲ್ಲ ಅಂದ್ರೆ, ತೆಗೆದು, ತೊಳೆದು, ನನಗೆ ಕೊಡ್ಲಿ.’

ಇಂತಿ,
ಯಾರೂ ಕರೆಯದಿದ್ದರೂ ತಾನಾಗಿ ನಿಮ್ಮ ಕಿಟಕಿಗೆ ಬಂದು ತೆರಿಗೆ ಎಷ್ಟೆಂದು ಕೇಳಿದ, ಇನ್ನು ಮುಂದೆ ಏನನ್ನೂ ಕೇಳದ,
ಒಬ್ಬ ಹಲ್ಲು ಕಟ್ಟುವವನು