ಓಣಿಗೆಲ್ಲಾ ಕಂಡ ನೀಲಿ ಅಂಗಿ

ಅವ್ವಾ,

ವೈಫೈ ಪಾಸ್‌ವರ್ಡ್ ಓಣ್ಯಾಗ ಹಂಚಬ್ಯಾಡ ಅಂತ ಎಷ್ಟ ಸಲ ಹೇಳ್ಲಿ ಬೇ? ಕೇಳಿದವ್ರಿಗೆ ಇಲ್ಲ ಅನ್ನಾಕ ನಿನಗ ಬರೂದ ಇಲ್ಲ. ರೂಟರಿಗೆ ಹಚ್ಚಿದ ಪೆನ್‌ಡ್ರೈವ್ ನಮ್ಮ ವೈಫೈ ಹಿಡದವ್ರ ಟಿವಿಯಾಗೆಲ್ಲಾ ತೆರೀತೈತಿ. ನನಗ ನೋಡಿದ ವರಗಳ ಫೋಟೊ ಅದರಾಗ ಅದಾವು. ಘೋಣಸಗಿ ಹುಡುಗನ ಮೂಗು ಡೊಂಕ ಐತಂತ ಹಾಲಿನಾಂವ ಸುದ್ದಾ ಹೇಳಿ ಹ್ವಾದ!

ಪಾಸ್‌ವರ್ಡ್ ಬದಲಿಸೇನಿ, ಹೊಸಾದು ಈ ಚೀಟಿ ಹಿಂದ ಐತಿ. ಫೋಟೊ ಅಳಸಾಕ ಹೊತ್ತಿಲ್ಲ, ತಿಕೋಟಾ ಬಸ್ಸಿಗೆ ಓಡಬೇಕು.

ಎದುರು ಮನಿ ಸುಗಲಾ ಕಾಕು, “ನೀಲಿ ಅಂಗಿ ಹುಡುಗ ಛಲೋ ಅದಾನ, ಯಾವೂರಾಂವ?” ಅಂತ ಕೇಳಿದ್ಲು. ಆ ಫೋಟೊ ನೀವು ತಂದದ್ದಲ್ಲ, ನಾನ ಹಾಕಿದ್ದು. ಸಂಜಿಕ ಬಂದು ಹೇಳ್ತೇನಿ. ಅಲ್ಲೀತನಕ ಪಾಸ್‌ವರ್ಡ್ ಊರಿಗೆಲ್ಲಾ ಬೇಕಾದ್ರ ಕೊಡು, ಅಪ್ಪಾಗ ಮಾತ್ರ ಕೊಡಬ್ಯಾಡ.

ಅನುರಾಧಾ