ಒಂದೇ ಸಲ ಒತ್ತು, ಅಪ್ಪ

ಅಪ್ಪ,

ಅಭ್ಯಾಸಕ್ಕೆ ಹೊರಟೆ. ನಮ್ಮ ತಂಡದ ಉಳಿದ ಶರ್ಟುಗಳು ಕುರ್ಚಿ ಮೇಲಿವೆ. ಸಂಜೆ ಪಂದ್ಯಕ್ಕೆ ಮುಂಚೆ ಬೆನ್ನಿಗೆ ನಂಬರು ಅಂಟಿಸಿಡು.

ಈ ಹೀಟ್ ಪ್ರೆಸ್ಸು ನಿನ್ನ ಹಳೇ ಇಸ್ತ್ರಿಪೆಟ್ಟಿಗೆ ಅಲ್ಲ. ನೀರು ಚಿಮುಕಿಸಬೇಡ. ಶಾಖ ನಾನು ಇಟ್ಟಷ್ಟೇ ಇರಲಿ. ಮೊದಲು ಬರೀ ಶರ್ಟನ್ನು ಒಂದು ಕ್ಷಣ ಒತ್ತಿ ತೇವ ಆರಿಸು. ಆಮೇಲೆ ನಂಬರಿಟ್ಟು, ಅದರ ಮೇಲೆ ಬಟರ್ ಪೇಪರ್ ಹಾಸಿ ಒತ್ತು. ಪೇಪರು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಹಿಂದಿದೆ. ಬೀಪ್ ಅಂದ ತಕ್ಷಣ ಹಿಡಿ ಎತ್ತಿಬಿಡು. ನಿನ್ನೆ ನೀನು "ಇರಲಿ, ಗಟ್ಟಿಯಾಗಿ ಕೂರಲಿ" ಅಂತ ಇನ್ನೊಂದು ಸಲ ಒತ್ತಿದ್ದಕ್ಕೇ ಬಿಳಿ ಶರ್ಟು ಕಂದಿದ್ದು. ಜೀವಮಾನವಿಡೀ ಊರವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿದ ಕೈ, ಗೊತ್ತು ಮಾರಾಯ. ಆದರೂ ಒಂದೇ ಸಲ ಸಾಕು.

ನಿನ್ನೆಯಿಂದ ಮುಖ ಸಣ್ಣ ಮಾಡಿಕೊಂಡು ಕೂತಿದ್ದೀಯ, ನನಗದು ನೋಡೋಕಾಗಲ್ಲ. ಕಾಫಿ ಫ್ಲಾಸ್ಕಿನಲ್ಲಿದೆ, ಕುಡಿದು ಕೆಲಸ ಶುರು ಮಾಡು. ಮುಗಿದ ಮೇಲೆ ಶರ್ಟುಗಳನ್ನು ನೀನೇ ಮೈದಾನಕ್ಕೆ ತಾ, ಆಟ ನೋಡಿಕೊಂಡೇ ಹೋಗು.

ಕಂದಿದ ಶರ್ಟು ಹುಡುಕಬೇಡ, ನಾನೇ ಹಾಕಿಕೊಂಡಿದ್ದೇನೆ. ಕಲೆ ಕಂಕುಳ ಕೆಳಗಿದೆ. ಗೋಲ್‌ಕೀಪರ್ ನಾನು, ಚೆಂಡಿಗೆ ಕೈ ಚಾಚಿದಾಗಲೆಲ್ಲ ಕಾಣುತ್ತೆ. ಯಾರಾದರೂ ಕೇಳಿದರೆ, ನಮ್ಮಪ್ಪ ಹಾಕಿದ ರುಜು ಅಂತೀನಿ.